ಶೆದ್ಲಿಯಾಳ ಹಾಲು

ನನ್ನ ಅತ್ತಿಗೆ ಶೆದ್ಲಿಯಾಳ ಎದೆಯಲ್ಲಿ ಹಾಲು ಬಂದದ್ದನ್ನು ಮೊದಲು ಕಂಡವಳು ನಾನು. ಅವಳು ಹೆತ್ತಿರಲಿಲ್ಲ, ಬಸುರಿಯೂ ಆಗಿರಲಿಲ್ಲ. ನನ್ನ ಅಣ್ಣ ಮೊಂಜಿಯ ಕೈಹಿಡಿದು ನಮ್ಮ ಮನೆಗೆ ಬಂದು ಆರು ವರ್ಷವಾಗಿತ್ತು.

ಆ ದಿನ ನಾವಿಬ್ಬರೂ ದಡದಲ್ಲಿ ಕೂತು ಆಕ್ಟೋಪಸ್‌ಗಳನ್ನು ಕಲ್ಲಿಗೆ ಬಡಿಯುತ್ತಿದ್ದೆವು. ಹಾಗೆ ಬಡಿಯದಿದ್ದರೆ ಅದರ ಮಾಂಸ ಎಷ್ಟು ಬೇಯಿಸಿದರೂ ಮೆತ್ತಗಾಗುವುದಿಲ್ಲ. ನಮ್ಮ ಕೆರ್ಕೆನ್ನಾ ದ್ವೀಪದ ಸುತ್ತ ಸಮುದ್ರಕ್ಕೆ ಆಳವೇ ಇಲ್ಲ. ಎಷ್ಟು ದೂರ ನಡೆದರೂ ನೀರು ಮೊಣಕಾಲಿನ ಮೇಲೆ ಏರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ನೀರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದು ಗೊತ್ತಾಗುವುದಿಲ್ಲ. ದೂರದ ದೋಣಿಗಳನ್ನು ಯಾರೋ ಬೆಳಕಿಗೆ ತೂಗುಹಾಕಿ ಮರೆತು ಹೋದಂತೆ ಕಾಣುತ್ತದೆ. ಅಂಥ ಹೊತ್ತಿನಲ್ಲಿ ನಾನು ತಲೆಯೆತ್ತಿ ನೋಡಿದೆ.

"ಅತ್ತಿಗೆ, ನಿನ್ನ ಅಂಗಿ ಒದ್ದೆಯಾಗಿದೆ."

"ನೀರು ಸಿಡಿದಿರ್ಬೇಕು ಬಿಡೇ."

"ಸಮುದ್ರದ ನೀರು ಅಷ್ಟು ಗುಂಡಗೆ ಸಿಡಿಯುತ್ತಾ? ಅದೂ ಎರಡೂ ಕಡೆ?"

ಅವಳು ಬಗ್ಗಿ ತನ್ನ ಎದೆಯನ್ನು ನೋಡಿಕೊಂಡಳು. ಕೈಯಲ್ಲಿದ್ದ ಆಕ್ಟೋಪಸ್ ಜಾರಿ ಮರಳಿಗೆ ಬಿತ್ತು. ಅವಳ ಮುಖದಲ್ಲಿ ಗಾಬರಿ ಕಾಣಲಿಲ್ಲ. ತುಂಬ ದೂರದಿಂದ ಯಾರೋ ತನ್ನ ಹೆಸರು ಹಿಡಿದು ಕೂಗಿದ್ದನ್ನು ಕೇಳಿದವಳಂತೆ ಸುಮ್ಮನೆ ಕೂತಳು. ಆಮೇಲೆ ತಲೆವಸ್ತ್ರವನ್ನು ಎದೆಯ ಮೇಲೆ ಎಳೆದುಕೊಂಡು, "ಬೇಯಾ, ಯಾರಿಗೂ ಹೇಳ್ಬೇಡ" ಎಂದಳು.

ನಾನು ಯಾರಿಗೂ ಹೇಳಲಿಲ್ಲ. ಆದರೆ ಒಂದೇ ಹಗ್ಗದ ಮೇಲೆ ಎಲ್ಲರ ಬಟ್ಟೆ ಒಣಗುವ ಮನೆಯಲ್ಲಿ ಇಂಥದ್ದನ್ನು ಎಷ್ಟು ದಿನ ಮುಚ್ಚಿಡಲಾದೀತು? ನನ್ನ ತಾಯಿ ಮನ್ನೂಬಿಯಾ ಒಣಗಿದ ಅಂಗಿಯೊಂದನ್ನು ಮೂಗಿಗೆ ಹಿಡಿದು, ಕಲೆಯನ್ನು ಉಗುರಿನಿಂದ ಕೆರೆದು ನೋಡಿ, ಅಂಗಳದ ನಡುವೆ ಕೂತುಬಿಟ್ಟಳು. ಕಣ್ಣಲ್ಲಿ ನೀರು.

"ನಾನು ಹೇಳ್ಲಿಲ್ವಾ? ಮಗು ಮಲಗಿದೆ ಅಂತ ಹೇಳ್ಲಿಲ್ವಾ?"

ಶೆದ್ಲಿಯಾಳ ಮುಟ್ಟು ನಿಂತು ವರ್ಷ ದಾಟಿತ್ತು. ಮೊದಲ ತಿಂಗಳು ಅಮ್ಮ ಕೋಳಿ ಕೊಯ್ದು ಸಂಭ್ರಮಪಟ್ಟಿದ್ದಳು. ಹೊಟ್ಟೆ ಬೆಳೆಯದೆ ಹೋದಾಗ ಬೇರೆಯವರ ಮನೆಯಾಗಿದ್ದರೆ ಸೊಸೆಯನ್ನು ತವರಿಗೆ ಅಟ್ಟುತ್ತಿದ್ದರೋ ಏನೋ. ಅಮ್ಮ ಹಾಗೆ ಮಾಡಲಿಲ್ಲ. ನಮ್ಮ ಕಡೆ ಇದಕ್ಕೊಂದು ಹೆಸರಿದೆ, ರಾಗೆದ್, ಅಂದರೆ ಮಲಗಿದವನು. ಬಸಿರಲ್ಲಿ ನಿಂತ ಮಗು ಒಮ್ಮೊಮ್ಮೆ ಯಾವುದೋ ದುಃಖಕ್ಕೋ ಭಯಕ್ಕೋ ನಿದ್ದೆ ಹೋಗುತ್ತದೆ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಹಾಗೇ ಮಲಗಿದ್ದು ತನಗೆ ಬೇಕೆನಿಸಿದಾಗ ಏಳುತ್ತದೆ ಎಂದು ಹಿರಿಯರ ನಂಬಿಕೆ. ಗಂಡ ದುಡಿಯಲು ಫ್ರಾನ್ಸಿಗೆ ಹೋಗಿದ್ದಾಗ ಹೆತ್ತ ಎಷ್ಟೋ ಹೆಂಗಸರ ಮಾನವನ್ನು ಈ ಮಾತು ಉಳಿಸಿದೆ ಎಂದು ಅಮ್ಮನೇ ನಗುತ್ತಿದ್ದಳು. ಆದರೂ ನಂಬುತ್ತಿದ್ದಳು. ಈಗ ಹಾಲು ಬಂದಿತ್ತು. ಮಗು ಏಳುವ ಹೊತ್ತಾಯಿತು ಎಂದು ಅವಳು ಮನೆಯಲ್ಲಿ ಜೋರಾಗಿ ಮಾತಾಡುವುದನ್ನೇ ಬಿಟ್ಟಳು.

ಶೆದ್ಲಿಯಾಳೂ ಆ ದಿನಗಳಲ್ಲಿ ಅರೆನಿದ್ದೆಯಲ್ಲಿ ಓಡಾಡುವವಳಂತೆ ಇದ್ದಳು. ತಲೆನೋವು ಅವಳನ್ನು ಬಿಡುತ್ತಿರಲಿಲ್ಲ. ಸಾರಿಗೆ ಉಪ್ಪು ಮರೆಯುತ್ತಿದ್ದಳು, ಇಲ್ಲವೆ ಎರಡು ಸಲ ಹಾಕುತ್ತಿದ್ದಳು. ಮಧ್ಯಾಹ್ನ ಚಾಪೆಯ ಮೇಲೆ ನನ್ನ ಪಕ್ಕದಲ್ಲಿ ಮಲಗಿ ಎದ್ದಾಗ ತನ್ನ ಕನಸು ಹೇಳುತ್ತಿದ್ದಳು. ಯಾವಾಗಲೂ ಒಂದೇ ಕನಸು. ಅವಳು ಸಮುದ್ರದೊಳಗೆ ನಡೆಯುತ್ತಿದ್ದಾಳೆ. ನೀರು ಬೆಚ್ಚಗಿದೆ. ಮೀನು ಹಿಡಿಯಲು ಖರ್ಜೂರದ ಗರಿಗಳನ್ನು ನೀರಲ್ಲಿ ನೆಟ್ಟು ಕಟ್ಟಿದ ನಮ್ಮ ಬೇಲಿ ಮುಗಿಯುವುದೇ ಇಲ್ಲ. ಕೈಯಲ್ಲಿ ಏನೂ ಇಲ್ಲ, ಆದರೂ ತೋಳು ಸೋಲುತ್ತಿದೆ.

"ಭಾರ ಇರೋದೇನೋ ನಿಜ ಬೇಯಾ. ಏನು ಹೊತ್ತಿದೀನಿ ಅನ್ನೋದೇ ಕಾಣಲ್ಲ."

ಆ ಚಳಿಗಾಲದಲ್ಲೇ ಪಕ್ಕದ ಮನೆಯ ಲತೀಫಾ ತೀರಿಕೊಂಡಳು. ಹೆರಿಗೆಗೆಂದು ಹಡಗಿನಲ್ಲಿ ಸ್ಫಾಕ್ಸ್ ಪಟ್ಟಣಕ್ಕೆ ಹೋದವಳು. ಹೆಣ್ಣು ಮಗು ಹುಟ್ಟಿತು, ಅವಳ ರಕ್ತ ನಿಲ್ಲಲಿಲ್ಲ. ಗಂಡ ಹೆದಿ ಮರಳಿ ಬಂದಾಗ ಒಂದೇ ಹಡಗಿನಲ್ಲಿ ಹೆಣವನ್ನೂ ಕೂಸನ್ನೂ ತಂದ. ಕೂಸಿಗೆ ಸಬ್ರೀನ್ ಎಂದು ಹೆಸರಿಟ್ಟರು. ಹೆದಿಯ ತಾಯಿ ಖದ್ದೂಜಾ ಬಾಟಲಿ ಹಿಡಿದರೆ ಅದು ಬಾಯಿ ಬಿಗಿ ಹಿಡಿಯುತ್ತಿತ್ತು. ಆಡಿನ ಹಾಲನ್ನು ಬತ್ತಿಯಿಂದ ಹನಿಸಿದರೆ ಕಕ್ಕುತ್ತಿತ್ತು.

ಸಾವಿನ ಮನೆಯಲ್ಲಿ ಹೆಂಗಸರೆಲ್ಲ ಸೇರಿದ್ದೆವು. ಕೂಸು ಒಳಗೆ ಅಳುತ್ತಿತ್ತು. ಅಳು ದಣಿದು ದಣಿದು ಬೆಕ್ಕಿನ ಮರಿಯ ದನಿಯಷ್ಟಾಗಿತ್ತು. ನನ್ನ ಪಕ್ಕ ಕೂತಿದ್ದ ಶೆದ್ಲಿಯಾ ಇದ್ದಕ್ಕಿದ್ದಂತೆ ಎದೆಗೆ ಕೈ ಒತ್ತಿಕೊಂಡಳು. ಬೆರಳ ಸಂದಿಯಿಂದ ಒದ್ದೆ ಹರಡಿತು. ಅವಳು ಎದ್ದು ಒಳಗೆ ಹೋದಳು, ಖದ್ದೂಜಾಳ ಮಡಿಲಿನಿಂದ ಕೂಸನ್ನು ಎತ್ತಿಕೊಂಡಳು, ಪರದೆಯ ಹಿಂದೆ ಕೂತಳು. ಅಳು ನಿಂತಿತು. ಎಷ್ಟೋ ಹೊತ್ತು ಗುಟುಕು ಗುಟುಕು ನುಂಗುವ ಸದ್ದು ಬಿಟ್ಟರೆ ಆ ಮನೆಯಲ್ಲಿ ಏನೂ ಕೇಳಿಸಲಿಲ್ಲ.

ಖದ್ದೂಜಾಳೇ ಮೊದಲು ಬಾಯಿ ಬಿಟ್ಟದ್ದು. "ಮನ್ನೂಬಿಯಾ, ಹೆರದೇ ಇರೋವಳಿಗೆ ಹಾಲೆಲ್ಲಿಂದ ಬಂತೇ? ಯಾರ ಹಾಲದು? ನನಗೆ ಭಯ ಆಗ್ತಿದೆ."

"ಭಯ ಆದ್ರೆ ಮಗೂನ ಕಿತ್ಕೋ ಹೋಗು. ನಾನೇನು ಬೇಡ ಅನ್ನಲ್ಲ" ಎಂದಳು ಅಮ್ಮ.

ಖದ್ದೂಜಾ ಪರದೆ ಸರಿಸಿ ಇಣುಕಿದಳು. ಕೂಸಿನ ಮುಷ್ಟಿ ಬಿಚ್ಚಿಕೊಂಡು ಶೆದ್ಲಿಯಾಳ ಎದೆಯ ಮೇಲೆ ಹರಡಿತ್ತು. ಅವಳು ಪರದೆಯನ್ನು ಮೆಲ್ಲಗೆ ಬಿಟ್ಟು ಬಂದು ಮತ್ತೆ ಅಳತೊಡಗಿದಳು. ಈ ಸಲದ ಅಳು ಬೇರೆ ಥರದ್ದು.

ಆದರೂ ಮಾತು ಮಸೀದಿಯ ತನಕ ಹೋಯಿತು. ನಮ್ಮ ಧರ್ಮದಲ್ಲಿ ಒಬ್ಬಳ ಮೊಲೆ ಕುಡಿದ ಮಗು ಅವಳಿಗೆ ಮಗುವೇ ಆಗುತ್ತದೆ, ಅವಳ ಮಕ್ಕಳಿಗೆ ಒಡಹುಟ್ಟು. ಅವರವರಲ್ಲಿ ಮದುವೆ ಕೂಡದು, ನಾಳೆ ಸಂಬಂಧ ನೋಡುವಾಗ ಅದನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಆದರೆ ಬಸಿರಿಲ್ಲದೆ ಬಂದ ಹಾಲಿಗೂ ಈ ನಿಯಮ ಉಂಟೆ? ಇಮಾಮರು ಗಡ್ಡ ನೀವಿಕೊಂಡು, "ಹಾಲು ಹಾಲೇ. ಕುಡಿದ ಮಗು ಬದುಕ್ತಾ ಇಲ್ವಾ? ಹಾಗಾದ್ರೆ ಆಕೆ ತಾಯಿ" ಎಂದರು.

ಬಾಗಿಲಲ್ಲಿ ನಿಂತಿದ್ದ ಮೊಂಜಿ ಕೇಳಿದ. "ಹಾಗಾದ್ರೆ ನಾನೇನಾದೆ ಇಮಾಮ್ರೇ? ಅಪ್ಪಾನಾ?"

"ಬಸಿರಿಲ್ಲದೆ ಬಂದ ಈ ಹಾಲಿಗೂ ನಿನಗೂ ಏನೂ ಸಂಬಂಧ ಇಲ್ಲಪ್ಪ. ನೀನು ತಾಯಿಯ ಗಂಡ. ಹೋಗು, ನಿನ್ನ ಮೀನಿನ ಬೇಲಿ ಬಿದ್ದಿದೆಯಂತೆ, ಎತ್ತಿ ನಿಲ್ಲಿಸು."

ಊರು ನಕ್ಕಿತು. ಮೊಂಜಿಯೂ ನಕ್ಕ. ಅಂದಿನಿಂದ ಸಬ್ರೀನ್ ಹಗಲೆಲ್ಲ ನಮ್ಮ ಮನೆಯಲ್ಲಿ. ಕುಡಿದಷ್ಟೂ ಹಾಲು ಹೆಚ್ಚಿತು. ಕೂಸಿನ ಕೆನ್ನೆ ತುಂಬಿತು, ತೊಡೆಯಲ್ಲಿ ಮಡಿಕೆ ಬಿತ್ತು. ಶೆದ್ಲಿಯಾ ಬಾವಿಯ ಕಟ್ಟೆಯ ಮೇಲೆ ಕೂತು ಹಾಲೂಡಿಸುವಾಗ ಅವಳ ಕಣ್ಣು ಎಲ್ಲಿಯೋ ಇರುತ್ತಿತ್ತು. ಅವಳ ಸುತ್ತ ಗಾಳಿಯೂ ಮೆತ್ತಗೆ ಬೀಸುತ್ತದೆಂದು ನನಗನಿಸುತ್ತಿತ್ತು. ಹಳೆಯ ಕನಸು ಈಗ ಬೀಳುತ್ತಿಲ್ಲ ಎಂದಳು ಒಂದು ದಿನ.

ಹೆತ್ತಿಲ್ಲದವಳು ಹಾಲೂಡಿಸುತ್ತಿದ್ದಾಳೆ ಎಂಬ ಸುದ್ದಿ, ಆಗಾಗ ದ್ವೀಪಕ್ಕೆ ಬಂದು ಬಸುರಿ ಬಾಣಂತಿಯರನ್ನು ನೋಡುತ್ತಿದ್ದ ಡಾಕ್ಟರ್ ಎಮ್ನಾರ ಕಿವಿಗೂ ಬಿತ್ತು. ಉಳಿದವರೆಲ್ಲ ಅಚ್ಚರಿಪಟ್ಟರೆ ಆಕೆ ಹುಬ್ಬು ಗಂಟಿಕ್ಕಿದರು. ನೇರ ನಮ್ಮ ಅಂಗಳಕ್ಕೆ ಬಂದು, "ಮುಟ್ಟು ನಿಂತಿದೆಯಾ? ತಲೆನೋವಿದೆಯಾ?" ಎಂದು ಎರಡೇ ಪ್ರಶ್ನೆ ಕೇಳಿದರು. ಸ್ಫಾಕ್ಸ್‌ಗೆ ಕರೆಸಿಕೊಂಡು ರಕ್ತ ಪರೀಕ್ಷೆ ಮಾಡಿಸಿದರು, ತಲೆಯ ಚಿತ್ರ ತೆಗೆಸಿದರು. ಅಲ್ಲಿಗೆ ಶೆದ್ಲಿಯಾಳ ಜೊತೆ ಅಮ್ಮನೂ ನಾನೂ ಹೋಗಿದ್ದೆವು, ಸಬ್ರೀನ್ ನನ್ನ ಹೆಗಲ ಮೇಲಿದ್ದಳು.

ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದು ಬೆರಳಿಟ್ಟು ತೋರಿಸಿದರು. "ಮಿದುಳಿನ ಕೆಳಗೆ ಒಂದು ಪುಟ್ಟ ಗ್ರಂಥಿ ಇರುತ್ತೆ. ಅದರಲ್ಲಿ ಕಡಲೆಕಾಳಿನಷ್ಟು ಗಂಟು ಬೆಳೆದಿದೆ. ಕ್ಯಾನ್ಸರ್ ಅಲ್ಲ, ಹೆದರ್ಬೇಡ. ಅದು ಹಾಲು ಬರಿಸೋ ಹಾರ್ಮೋನನ್ನ ಸುಮ್ಮನೆ ಸುರಿಸ್ತಾ ಇದೆ."

"ಅದಕ್ಕೂ ನನಗೆ ಮಕ್ಕಳಾಗದೇ ಇರೋದಕ್ಕೂ ಏನು ಸಂಬಂಧ ಡಾಕ್ಟ್ರೇ?"

ಎಮ್ನಾ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ನೋಡು ಶೆದ್ಲಿಯಾ, ಅಂಡಾಶಯದಲ್ಲಿ ಮೊಟ್ಟೆ ಒಂಟಿಯಾಗಿರಲ್ಲ. ಅದರ ಸುತ್ತ ಸಣ್ಣ ಸಣ್ಣ ಜೀವಕೋಶಗಳು ದಾದಿಯರ ಥರ ಕೂತಿರ್ತವೆ. ಮೊಟ್ಟೆ ಅವಕ್ಕೆ, ನೀವು ಬೆಳೀರಿ ಅಂತ ಹೇಳುತ್ತೆ. ಅವು ಮೊಟ್ಟೆಗೆ ಉಣಿಸಿ, ನೀನೂ ಬೆಳಿ ಅಂತವೆ. ಮಾತು ಅಂದ್ರೆ ಬಾಯಲ್ಲಲ್ಲ, ತಮ್ಮೊಳಗಿಂದ ಒಂದೊಂದು ರಸ ಬಿಟ್ಟು ಒಂದಕ್ಕೊಂದು ತಿಳಿಸ್ತವೆ. ಹೀಗೆ ತಮ್ಮತಮ್ಮಲ್ಲೇ ಮಾತಾಡ್ಕೊಂಡು ಬಹಳ ದೂರ ಬರ್ತವೆ. ಆದ್ರೆ ಕೊನೇ ದಾರಿಗೆ ಮೇಲಿಂದ, ಈ ತಲೆಯ ಗ್ರಂಥಿಯಿಂದ, ಕರೆ ಬರಬೇಕು. ನಿನ್ನಲ್ಲಿ ಆ ಕರೆ ಬರ್ತಿಲ್ಲ. ಹಾಲಿನ ಹಾರ್ಮೋನು ಅದನ್ನ ಅಡಗಿಸಿಬಿಟ್ಟಿದೆ."

"ಕರೆ ಬರದೇ ಹೋದ್ರೆ ಅವು ಏನಾಗ್ತವೆ?"

"ಸ್ವಲ್ಪ ಕಾಯ್ತವೆ. ಆಮೇಲೆ ಅಲ್ಲೇ ಕರಗಿ ಹೋಗ್ತವೆ."

ಶೆದ್ಲಿಯಾ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಡಾಕ್ಟರು ದನಿ ತಗ್ಗಿಸಿದರು. "ಕರಗೋದು ಎಲ್ಲ ಹೆಂಗಸರಲ್ಲೂ ಇದ್ದದ್ದೇ. ನಿನ್ನ ಮೈ ಏನು ತಿಳ್ಕೊಂಡಿದೆ ಗೊತ್ತಾ? ನೀನು ಆಗ್ಲೇ ಹೆತ್ತಿದೀಯ, ಮಡಿಲಲ್ಲಿ ಹಾಲು ಕುಡಿಯೋ ಮಗು ಇದೆ ಅಂತ. ಇನ್ನೊಂದು ಬೇಡ ಈಗ ಅಂತ ಅಂಡಾಶಯವನ್ನ ಮಲಗಿಸಿದೆ, ಅಷ್ಟೆ."

ಅಲ್ಲಿಯವರೆಗೆ ಬಾಯಿ ಮುಚ್ಚಿ ಕೂತಿದ್ದ ಅಮ್ಮ ಎದ್ದೇ ನಿಂತಳು. "ನಾನು ಹೇಳಿದ್ದೂ ಅದೇ ಅಲ್ವಾ? ಮಲಗಿದೆ ಅಂತ!"

"ಮಲಗಿರೋದು ಯಾರು ಅನ್ನೋದ್ರಲ್ಲಿ ಸ್ವಲ್ಪ ವ್ಯತ್ಯಾಸ ಇದೆ ಅಮ್ಮ" ಎಂದು ನಕ್ಕರು ಎಮ್ನಾ. ಆಮೇಲೆ ಮೇಜಿನ ಮೇಲೆ ಮಾತ್ರೆಯ ಡಬ್ಬಿ ಇಟ್ಟರು. ಇದನ್ನು ನುಂಗಿದರೆ ಗಂಟು ಕುಗ್ಗುತ್ತದೆ, ಕರೆ ಮತ್ತೆ ಬರುತ್ತದೆ, ಮಕ್ಕಳಾಗಬಹುದು. ಆದರೆ ಹಾಲು ಬತ್ತುತ್ತದೆ.

ಎಲ್ಲರ ಕಣ್ಣೂ ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದ ಸಬ್ರೀನಳ ಮೇಲೆ ಬಿತ್ತು. ಆಗ ಅವಳಿಗೆ ಇನ್ನೂ ಕುತ್ತಿಗೆ ನಿಂತಿರಲಿಲ್ಲ. ಬಾಟಲಿ ಕಂಡರೆ ಆಗಲೂ ಮುಖ ತಿರುಗಿಸುತ್ತಿದ್ದಳು.

"ಸ್ವಲ್ಪ ಕಾಲ ಕಾಯ್ಬಹುದಾ?" ಎಂದಳು ಶೆದ್ಲಿಯಾ.

ಡಾಕ್ಟರಿಗೆ ಇಷ್ಟವಿರಲಿಲ್ಲ. ಕೊನೆಗೆ ಒಪ್ಪಿದರು. "ಕಾಯಿ. ಆದ್ರೆ ಆಗಾಗ ಬಂದು ತೋರಿಸ್ಬೇಕು. ಆ ಗಂಟಿನ ಮೇಲೇ ಕಣ್ಣಿನ ನರಗಳು ಹೋಗ್ತವೆ. ಪಕ್ಕದಲ್ಲಿರೋದು ಕಾಣದೇ ಹೋದ್ರೆ ಒಂದು ಗಳಿಗೆನೂ ತಡ ಮಾಡ್ಬೇಡ."

ಮನೆಗೆ ಬಂದ ಮೇಲೆ ಅಮ್ಮ ಸಿಡಿದಳು. "ಆರು ವರ್ಷ ಕಾದಿದೀನಿ ಕಣೇ. ಊರವರ ಬಾಯಿಗೆ ಬೀಗ ಹಾಕಿ ನಿನ್ನ ಕಾಪಾಡಿದೀನಿ. ಈಗ ಔಷಧಿ ಕೈಯಲ್ಲಿದೆ, ನೀನು ಬೇಡ ಅಂತೀಯ! ಪಕ್ಕದ್ಮನೆ ಮಗು ನಿನ್ನ ಮಗೂನ ಕುಡಿದು ಹಾಕ್ತಿದೆ, ಕಾಣಲ್ವಾ ನಿನಗೆ?"

"ಅತ್ತೆ, ಹುಟ್ಟದಿರೋ ಆ ಮಗು ಇನ್ನೂ ಹಸಿದಿಲ್ಲ. ಇದಕ್ಕೆ ಈಗ ಹಸಿವಾಗಿದೆ."

ಅಮ್ಮ ಮೊಂಜಿಯ ಕಡೆ ತಿರುಗಿದಳು. "ನೀನಾದ್ರೂ ಹೇಳೋ. ನಾಲಿಗೆ ಸಮುದ್ರಕ್ಕೆ ಬಿತ್ತಾ?"

ಮೊಂಜಿ ಬಲೆಯ ಗಂಟು ಬಿಚ್ಚುತ್ತಿದ್ದವನು ತಲೆ ಎತ್ತಲಿಲ್ಲ. "ಎದೆ ಅವಳದು, ಹಾಲು ಅವಳದು. ಇಮಾಮ್ರೇ ಹೇಳಿದಾರಲ್ಲ, ನನಗೆ ಸಂಬಂಧ ಇಲ್ಲ ಅಂತ" ಎಂದ. ನಗಿಸಲು ಹಾಗೆಂದನೋ, ನೋವಿನಿಂದ ಅಂದನೋ ನನಗೆ ತಿಳಿಯಲಿಲ್ಲ. ಆ ಸಂಜೆ ಅವನು ದೋಣಿ ತಳ್ಳಿಕೊಂಡು ಹೋಗಿ ಏನೂ ಹಿಡಿಯದೆ ಬಂದ.

ಅಮ್ಮ ಸೊಸೆಯ ಜೊತೆ ಮಾತು ಬಿಟ್ಟಳು. ಹೇಳಬೇಕಾದ್ದನ್ನು ನನಗೆ ಹೇಳುವಳು: "ಬೇಯಾ, ಅವಳಿಗೆ ಹೇಳು, ಬಾರ್ಲಿ ಒಣಗಿದೆ." ಒಂದೇ ಅಂಗಳದಲ್ಲಿ ಅಷ್ಟು ಹತ್ತಿರ ಕೂತು ನಾನು ಮಾತು ದಾಟಿಸುತ್ತಿದ್ದೆ. ಆದರೆ ಸಬ್ರೀನಳಿಗೆ ಹುಳಿ ತೇಗು ಬಂದರೆ ಸೋಂಪಿನ ನೀರು ಕಾಯಿಸಿ ಬಾಗಿಲ ಬಳಿ ಇಟ್ಟು ಹೋಗುತ್ತಿದ್ದವಳೂ ಅವಳೇ.

ಹಾಗೇ ಚಳಿ ಕಳೆಯಿತು, ಬಿಸಿಲು ಬಂತು. ಸಬ್ರೀನ್ ಕೂರಲು ಕಲಿತಳು, ಅಂಬೆಗಾಲಿಟ್ಟಳು. ಶೆದ್ಲಿಯಾ ಎರಡು ಸಲ ಸ್ಫಾಕ್ಸ್‌ಗೆ ಹೋಗಿ ಬಂದಳು, ಗಂಟು ಇದ್ದಲ್ಲೇ ಇತ್ತು. ಮೂರನೆಯ ಸಲ ಹೋಗಬೇಕಾದಾಗ ಮಗುವಿಗೆ ಜ್ವರ ಬಂದು ಹೋಗಲಾಗಲಿಲ್ಲ.

ಒಂದು ಮಧ್ಯಾಹ್ನ ಎಲ್ಲರೂ ಅಂಗಳದ ನೆರಳಲ್ಲಿ ಕೂತಿದ್ದೆವು. ಅಮ್ಮ ಖರ್ಜೂರದ ತಟ್ಟೆಯನ್ನು ಮಾತಿಲ್ಲದೆ ಶೆದ್ಲಿಯಾಳ ಬಲಪಕ್ಕಕ್ಕೆ ಚಾಚಿದಳು. ಶೆದ್ಲಿಯಾ ತೆಗೆದುಕೊಳ್ಳಲಿಲ್ಲ. ಸೊಕ್ಕು ಎಂದು ನಾನಂದುಕೊಂಡೆ. ಅಮ್ಮ ಹಾಗೆ ತಿಳಿಯಲಿಲ್ಲ. ತಟ್ಟೆಯನ್ನು ನಿಧಾನವಾಗಿ ಹಿಂದಕ್ಕೆ ತಂದಳು, ಎದ್ದು ಹೋಗಿ ಎಡಪಕ್ಕದಿಂದ ಚಾಚಿದಳು. ಶೆದ್ಲಿಯಾ ಎದುರಿನ ಗೋಡೆಯನ್ನೇ ನೋಡುತ್ತ ಕೂತಿದ್ದಳು.

"ಏನೇ," ಎಂದಳು ಅಮ್ಮ. ಎಷ್ಟೋ ತಿಂಗಳ ಮೇಲೆ ಸೊಸೆಗೆ ನೇರ ಆಡಿದ ಮೊದಲ ಮಾತು ಅದು. "ನನ್ನ ಕೈಯಲ್ಲಿ ಏನಿದೆ?"

ಶೆದ್ಲಿಯಾ ಇಡೀ ತಲೆಯನ್ನು ತಿರುಗಿಸಿ ನೋಡಿದಳು. "ಖರ್ಜೂರ ಅತ್ತೆ."

"ಈಗ ತಲೆ ತಿರುಗಿಸಿ ನೋಡ್ದೆ. ಮೊದಲು ಕಾಣ್ತಿತ್ತಾ?"

ಶೆದ್ಲಿಯಾ ತಲೆವಸ್ತ್ರದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಎಷ್ಟು ದಿನದಿಂದ?" ಎಂದಳು ಅಮ್ಮ.

"ಸ್ವಲ್ಪ ದಿನ. ಬದಿಯಲ್ಲೆಲ್ಲ ಮಂಜು ಥರ. ನಡುವೆ ಚೆನ್ನಾಗೇ ಕಾಣುತ್ತೆ. ಮಗು ನಡುವೆನೇ ಇರುತ್ತಲ್ಲ ಅಂತ..."

ಅಮ್ಮನ ಕೈಯಿಂದ ತಟ್ಟೆ ಬಿತ್ತು. ಸೊಸೆಯ ಎರಡೂ ಭುಜ ಹಿಡಿದು ಅಲುಗಿಸಿದಳು. "ಕುರುಡಿ ಆಗ್ತೀಯೇನೇ ಹುಚ್ಚಿ? ನನಗೆ ಮೊಮ್ಮಗೂ ಬೇಡ, ಏನೂ ಬೇಡ, ನಿನ್ನ ಕಣ್ಣು ಬೇಕು! ಇವತ್ತೇ ನುಂಗು ಆ ಮಾತ್ರೆ. ಈ ರಾಕ್ಷಸೀನ ನಾನು ಸಾಕ್ತೀನಿ."

ಮರುದಿನವೇ ಡಾಕ್ಟರ್ ಎಮ್ನಾರನ್ನು ಕಂಡು, ಬೈಸಿಕೊಂಡು, ಮಾತ್ರೆ ಶುರುವಾಯಿತು. ಮೊದಲ ವಾರವೆಲ್ಲ ಶೆದ್ಲಿಯಾಳಿಗೆ ತಲೆಸುತ್ತು, ವಾಂತಿ. ನಿಂತರೆ ನೆಲ ದೋಣಿಯಂತೆ ತೂಗುತ್ತದೆ ಎನ್ನುವಳು. ಪಕ್ಕದ ಮನೆಯಲ್ಲಿ ಸಬ್ರೀನ್ ಅಳುವುದು ಕೇಳಿದರೆ ಎದೆ ಕಲ್ಲಿನಂತೆ ಗಟ್ಟಿಯಾಗುತ್ತಿತ್ತು, ಕಿವಿ ಮುಚ್ಚಿಕೊಂಡು ಗೋಡೆಯ ಕಡೆ ಹೊರಳುತ್ತಿದ್ದಳು. ನಾನು ಎಲೆಕೋಸಿನ ಎಲೆಗಳನ್ನು ಬಾವಿನೀರಿನಲ್ಲಿ ತಣ್ಣಗೆ ಮಾಡಿ ಅವಳ ಎದೆಗೆ ಹಾಕಿ ಕಟ್ಟುತ್ತಿದ್ದೆ.

ಅಮ್ಮ ಮಾತು ಉಳಿಸಿಕೊಂಡಳು. ಹುರಿದ ಬಾರ್ಲಿ ಹಿಟ್ಟಿಗೆ ಆಲಿವ್ ಎಣ್ಣೆ ಕಲಸಿ, ಬೆರಳ ತುದಿಯಲ್ಲಿ ಮಗುವಿನ ತುಟಿಗೆ ಹಚ್ಚುವಳು. ಸಬ್ರೀನ್ ಉಗುಳುವಳು. ಅಮ್ಮ ಮತ್ತೆ ಹಚ್ಚುವಳು. "ಉಗುಳು, ಉಗುಳು, ನಿನ್ನಂಥ ನಾಲ್ಕು ಹಟಮಾರಿಗಳನ್ನ ಸಾಕಿದೀನಿ." ಸಮಾಧಾನವಾಗದಿದ್ದರೆ ಸೊಂಟಕ್ಕೆ ಏರಿಸಿಕೊಂಡು ಸಮುದ್ರದೊಳಗೆ ನಡೆದುಬಿಡುವಳು. ಖದ್ದೂಜಾ ದಡದಲ್ಲಿ ಕೂಗುತ್ತಿದ್ದರೂ ನಿಲ್ಲುತ್ತಿರಲಿಲ್ಲ. ಬಿಳಿ ಬೆಳಕಿನಲ್ಲಿ ಆ ಮುದುಕಿ, ಮಗು, ಅವರ ನೆರಳು ಎಲ್ಲ ಒಂದಾಗಿ, ನೀರಿಗೂ ಆಕಾಶಕ್ಕೂ ನಡುವೆ ಪುಟ್ಟ ಕಪ್ಪು ಗೆರೆಯೊಂದು ಸರಿದಾಡುವುದನ್ನು ನಾನು ಬಾಗಿಲಿನಿಂದ ನೋಡುತ್ತಿದ್ದೆ. ಕೆಲವು ದಿನಗಳಲ್ಲಿ ಮಗು ಹಿಟ್ಟು ನುಂಗಿತು. ಆಮೇಲೆ ಬಟ್ಟಲಿನಿಂದ ಹಾಲು ಕುಡಿಯಿತು, ಬಾಟಲಿಯನ್ನು ಮಾತ್ರ ಕೊನೆಯವರೆಗೂ ಮುಟ್ಟಲಿಲ್ಲ.

ಶೆದ್ಲಿಯಾಳ ಕಣ್ಣಿನ ಅಂಚಿನ ಮಂಜು ಕರಗಿತು. ಒಂದು ದಿನ ಹೊಲಿಯುತ್ತ ಕೂತಿದ್ದವಳು ತಲೆ ತಿರುಗಿಸದೆಯೇ, "ಬೇಯಾ, ಕೋಳಿ ಅಡುಗೆಮನೆಗೆ ನುಗ್ತಿದೆ" ಎಂದಳು. ಅಮ್ಮ ಕೋಳಿಯನ್ನು ಓಡಿಸುವುದು ಬಿಟ್ಟು ದೇವರಿಗೆ ಕೈಯೆತ್ತಿದಳು. ಹಾಲೂ ನಿಂತಿತು. ಅದಕ್ಕಾಗಿ ಶೆದ್ಲಿಯಾ ಅತ್ತದ್ದು ನನ್ನೆದುರು ಮಾತ್ರ. "ಒಳಗೆಲ್ಲ ಖಾಲಿ ಮನೆ ಥರ ಸದ್ದಾಗುತ್ತೆ ಕಣೇ" ಎಂದಳು. ಸಬ್ರೀನ್ ಹತ್ತಿರ ಬಂದು ಎದೆಗೆ ಮುಖ ಉಜ್ಜಿ, ಏನೂ ಸಿಗದೆ, ಅಲ್ಲಿಯೇ ನಿದ್ದೆ ಹೋಗುವುದನ್ನು ರೂಢಿ ಮಾಡಿಕೊಂಡಳು.

ಆಕ್ಟೋಪಸ್ ಹಿಡಿಯುವ ಮಡಕೆಗಳನ್ನು ಮತ್ತೆ ನೀರಿಗಿಳಿಸುವ ಕಾಲಕ್ಕೆ, ಒಂದು ಬೆಳಿಗ್ಗೆ ಶೆದ್ಲಿಯಾ ನನ್ನ ಕೈ ಹಿಡಿದು ಕೋಣೆಗೆ ಎಳೆದೊಯ್ದಳು. ಮುಟ್ಟಾಗಿತ್ತು. ಹದಿಹರೆಯದ ಹುಡುಗಿಯಂತೆ ಅವಳು ನಾಚಿ ನಗುತ್ತಿದ್ದಳು, ಕಣ್ಣು ತುಂಬಿತ್ತು.

"ಒಂದು ಮೊಟ್ಟೆ ಕೊನೇವರೆಗೂ ಬಂದಿರ್ಬೇಕು ಅಲ್ವಾ ಬೇಯಾ? ಕರೆ ಕೇಳಿಸ್ಕೊಂಡು?"

"ಬಂದಿರುತ್ತೆ ಅತ್ತಿಗೆ."

"ಆಮೇಲೆ ಯಾರೂ ಸಿಗ್ಲಿಲ್ಲ ಅಂತ ಹೋಯ್ತು, ಪಾಪ. ಹೋಗ್ಲಿ, ದಾರಿಯಂತೂ ತೆರೀತಲ್ಲ." ಅವಳು ಬಟ್ಟೆ ಬದಲಿಸಿ, ಮುಖ ತೊಳೆದು, ಅತ್ತೆಗೆ ಕಾಫಿ ಮಾಡಿಕೊಟ್ಟಳು. ಅಮ್ಮ ಅವಳ ಮುಖ ನೋಡಿಯೇ ತಿಳಿದುಕೊಂಡಳು.

ಬಸಿರು ತಕ್ಷಣ ನಿಲ್ಲಲಿಲ್ಲ. ಮುಂದಿನ ಬೇಸಗೆಯಲ್ಲಿ ನಿಂತಿತು. ಡಾಕ್ಟರ್ ಎಮ್ನಾ ಮಾತ್ರೆ ನಿಲ್ಲಿಸಿ, ತಿಂಗಳಿಗೊಮ್ಮೆ ಕಣ್ಣು ಪರೀಕ್ಷೆ ಮಾಡಿಸುತ್ತ ಬಂದರು. ಈ ಸಲ ಅಮ್ಮ ಕೋಳಿ ಕೊಯ್ಯಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಊರಿಗೆ ಗೊತ್ತಾದದ್ದು ಶೆದ್ಲಿಯಾಳ ಹೊಟ್ಟೆ ಅಂಗಿಯನ್ನು ಮುಂದೆ ತಳ್ಳಿದಾಗ. ಸ್ಫಾಕ್ಸ್‌ನಲ್ಲಿ ಗಂಡು ಮಗು ಹುಟ್ಟಿತು. ಹೆರಿಗೆಯಾಗಿ ಹಾಲು ಬಂದಾಗ ಶೆದ್ಲಿಯಾ ಮೊದಲು ಗಾಬರಿಯಾಗಿ ಡಾಕ್ಟರ ಮುಖ ನೋಡಿದಳಂತೆ. "ಈ ಸಲ ಇದು ಸರಿಯಾದ ಹಾಲೇ, ಕುಡಿಸು" ಎಂದರಂತೆ ಅವರು.

ಅವರು ಮರಳಿದ ದಿನ ಹಡಗುಕಟ್ಟೆಗೆ ನಾನು ಸಬ್ರೀನಳನ್ನು ಕರೆದುಕೊಂಡು ಹೋಗಿದ್ದೆ. ಅಷ್ಟರಲ್ಲಿ ಅವಳು ಊರೆಲ್ಲ ಓಡುವ, ಎಲ್ಲರಿಗೂ ಎದುರು ಮಾತಾಡುವ ಹುಡುಗಿಯಾಗಿದ್ದಳು. ಗಾಳಿಯಿರಲಿಲ್ಲ. ಹಡಗು ಹಾಲಿನಂಥ ನೀರಿನ ಮೇಲೆ ಸದ್ದಿಲ್ಲದೆ ಬಂದು ನಿಂತಿತು. ಮೊಂಜಿ ಗಂಟುಗಳನ್ನು ಹೊತ್ತು ಮೊದಲು ಇಳಿದ, ಹಿಂದೆ ಅಮ್ಮ, ಅವಳ ತೋಳು ಹಿಡಿದು ಶೆದ್ಲಿಯಾ. ಶೆದ್ಲಿಯಾ ಬಗ್ಗಿ ಬಟ್ಟೆ ಸರಿಸಿ ತೋಳಲ್ಲಿದ್ದ ಕೂಸಿನ ಮುಖ ತೋರಿಸಿದಳು.

ಸಬ್ರೀನ್ ಬಹಳ ಹೊತ್ತು ನೋಡಿದಳು. "ಇವನು ನಡೀತಾನಾ?"

"ಇನ್ನೂ ಇಲ್ಲ ಕಣೇ."

"ಮಾತಾಡ್ತಾನಾ?"

"ಅದೂ ಇಲ್ಲ."

"ಹಾಗಾದ್ರೆ ನಾನು ಗಾಡೀಲಿ ಮುಂದೆ ಕೂತ್ಕೋತೀನಿ" ಎಂದು ಅವಳು ಓಡಿಹೋಗಿ ಕತ್ತೆಗಾಡಿಯ ಮುಂಭಾಗಕ್ಕೆ ಹತ್ತಿ ಹಗ್ಗ ಹಿಡಿದುಕೊಂಡಳು. ಅಮ್ಮ, "ಇಳಿಯೇ, ಕತ್ತೆ ಒದೆಯುತ್ತೆ!" ಎಂದು ಬೈಯುತ್ತ ಹಿಂದೆಯೇ ಹೋದಳು. ಶೆದ್ಲಿಯಾ ಕೂಸನ್ನು ಎದೆಗಾನಿಸಿಕೊಂಡು ಗಾಡಿಯಲ್ಲಿ ಕಾಲು ಚಾಚಿ ಕೂತಳು, ಬಿಸಿಲಿಗೆ ಕಣ್ಣು ಮುಚ್ಚಿಕೊಂಡಳು. ಗಾಡಿ ಉಪ್ಪಿನ ಬಯಲಿನ ನಡುವೆ ನಿಧಾನವಾಗಿ ಊರ ಕಡೆ ಸಾಗಿತು.